ಮಿಲಾನ್ ಡರ್ಬಿ ನೋಡಲು ಹೊರಟವರಿಗೆ: ಟಿಕೆಟ್‌ನಿಂದ ಕೊನೆಯ ಮೆಟ್ರೊವರೆಗೆ

ಡರ್ಬಿ ಎಂದರೆ ಒಂದೇ ಊರಿನ ಎರಡು ತಂಡಗಳ ಪಂದ್ಯ. ಇಟಲಿಯ ಮಿಲಾನ್ ನಗರದ ಫುಟ್‌ಬಾಲ್ ಕ್ಲಬ್ಬುಗಳಾದ ಎ.ಸಿ. ಮಿಲಾನ್ ಮತ್ತು ಇಂಟರ್ ನಡುವಿನದು ನಿಜವಾದ ಅರ್ಥದಲ್ಲಿ ದಾಯಾದಿ ಜಗಳ. 1899ರಲ್ಲಿ ಹುಟ್ಟಿದ ಮಿಲಾನ್ ಕ್ಲಬ್ಬಿನಲ್ಲಿ ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ವಾದ ಎದ್ದಿತು. ಸೇರಿಸಿಕೊಳ್ಳಬೇಕು ಎಂದವರು ಸಿಡಿದು ಹೊರಬಂದು 1908ರ ಮಾರ್ಚ್ 9ರಂದು ಇಂಟರ್ ಕಟ್ಟಿದರು. 1947ರಿಂದ ಇಬ್ಬರೂ ಒಂದೇ ಸೂರಿನ ಕೆಳಗೆ, ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ಆಡುತ್ತಿದ್ದಾರೆ. 1980ರಲ್ಲಿ ಅದಕ್ಕೆ ಹಳೆಯ ಆಟಗಾರ ಜುಸೆಪ್ಪೆ ಮೆಯಾತ್ಸಾ ಅವರ ಹೆಸರಿಟ್ಟರೂ ಜನ ಬಡಾವಣೆಯ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಊರಿನ ದೊಡ್ಡ ಚರ್ಚಾದ ದುಓಮೊದ ಶಿಖರದಲ್ಲಿ ಚಿನ್ನದ ಬಣ್ಣದ ಮೇರಿ ಮಾತೆಯ ಪ್ರತಿಮೆಯೊಂದಿದೆ, ಮಿಲಾನಿನವರ ಬಾಯಲ್ಲಿ ಅದು ‘ಮದೊನ್ನೀನಾ’. ಈ ಪಂದ್ಯವನ್ನು ‘ಡರ್ಬಿ ದೆಲ್ಲಾ ಮದೊನ್ನೀನಾ’ ಎಂದು ಕರೆಯುವುದು ಅದರಿಂದಲೇ.

ಹೊರದೇಶದಿಂದ ಮೊದಲ ಬಾರಿಗೆ ಡರ್ಬಿ ನೋಡಲು ಹೋಗುವವರಿಗೆ ಯುರೋಪಿನಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆ ಸಿಗುವುದು ಕಷ್ಟ. ಬಿಸಿ ಬೇಕಾದಷ್ಟಿದೆ, ಆದರೂ ಬದಿಯ ಸ್ಟ್ಯಾಂಡುಗಳಲ್ಲಿ ಎರಡೂ ಕಡೆಯ ಅಭಿಮಾನಿಗಳು ಅಕ್ಕಪಕ್ಕ ಕೂತು ನೋಡುವ ರೂಢಿಯೂ ಇದೆ. ಕೆಲಸ ಕೆಡುವುದು ಪಂದ್ಯದ ದಿನಕ್ಕಿಂತ ಹೆಚ್ಚಾಗಿ ಅದಕ್ಕೆ ವಾರಗಳ ಮೊದಲು: ತಪ್ಪು ದಿನಾಂಕ ನಂಬಿ ವಿಮಾನ ಕಾಯ್ದಿರಿಸುವುದು, ತಪ್ಪು ಹೆಸರಿನ ಟಿಕೆಟ್ ಕೊಳ್ಳುವುದು, ತಪ್ಪು ಮೂಲೆಯಲ್ಲಿ ಸೀಟು ಹಿಡಿಯುವುದು. ಈ ಮೂರನ್ನು ಸರಿಪಡಿಸಿಕೊಂಡರೆ ಉಳಿದದ್ದು ಸುಲಭ.

ದಿನಾಂಕವನ್ನು ಅರ್ಧ ಮಾತ್ರ ನಂಬಿ

ಲೀಗಿನಲ್ಲಿ ಪ್ರತಿ ಋತುವಿಗೆ ಎರಡು ಡರ್ಬಿ ಇರುತ್ತವೆ. ಇಟಲಿಯ ಅಗ್ರ ಲೀಗಾದ ‘ಸೀರಿ ಆ’ದ ವೇಳಾಪಟ್ಟಿ ಬೇಸಿಗೆಯಲ್ಲೇ ಹೊರಬೀಳುತ್ತದೆ, ಆದರೆ ಅದರಲ್ಲಿರುವುದು ಯಾವ ವಾರಾಂತ್ಯ ಎಂಬುದಷ್ಟೇ. ಶುಕ್ರವಾರವೋ ಸೋಮವಾರವೋ, ಸಂಜೆ ಆರಕ್ಕೋ ರಾತ್ರಿ 8:45ಕ್ಕೋ ಎಂಬುದು ಟಿ.ವಿ. ಪ್ರಸಾರದ ಲೆಕ್ಕಾಚಾರ ಮುಗಿದ ಮೇಲೆ, ಪಂದ್ಯ ಹತ್ತಿರ ಬಂದಾಗ ಗೊತ್ತಾಗುತ್ತದೆ. ವೇಳಾಪಟ್ಟಿಯಲ್ಲಿ ಭಾನುವಾರ ಎಂದು ಕಂಡಿತೆಂದು ಶನಿವಾರ ಇಳಿದು ಸೋಮವಾರ ಬೆಳಿಗ್ಗೆ ಹೊರಡುವ ವಿಮಾನ ಹಿಡಿದರೆ ಪಂದ್ಯವೇ ಕೈತಪ್ಪಬಹುದು. ಶುಕ್ರವಾರದಿಂದ ಸೋಮವಾರ ರಾತ್ರಿಯವರೆಗೆ ಮಿಲಾನಿನಲ್ಲೇ ಇರುವಂತೆ ಯೋಜಿಸಿ, ಮಂಗಳವಾರ ಹೊರಡಿ. ಇನ್ನೊಂದು ಮಾತು: 2021-22ರಿಂದ ಸೀರಿ ಆದಲ್ಲಿ ಎರಡನೇ ಸುತ್ತು ಮೊದಲ ಸುತ್ತಿನ ಕ್ರಮದಲ್ಲೇ ನಡೆಯುವುದಿಲ್ಲ. ಹಾಗಾಗಿ ಮೊದಲ ಡರ್ಬಿಯ ವಾರಕ್ಕೆ ಹತ್ತೊಂಬತ್ತು ಕೂಡಿಸಿ ಎರಡನೆಯದನ್ನು ಊಹಿಸಲು ಹೋಗಬೇಡಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡ ಎಂದರೆ ಹದಿನೈದು ದಿನ ಮೊದಲು. ಟಿಕೆಟ್ ಕೈಗೆ ಬರಲೆಂದು ಕಾದರೆ ವೀಸಾಕ್ಕೆ ಸಮಯ ಉಳಿಯುವುದಿಲ್ಲ. ವೀಸಾ ಮೊದಲು, ಟಿಕೆಟ್ ಆಮೇಲೆ.

ಯಾರ ಮನೆಯ ಪಂದ್ಯ?

ಮೈದಾನ ಒಂದೇ ಆದರೂ ಪ್ರತಿ ಪಂದ್ಯಕ್ಕೂ ಒಬ್ಬ ಯಜಮಾನ ಇರುತ್ತಾನೆ. ವೇಳಾಪಟ್ಟಿಯಲ್ಲಿ ಮೊದಲು ಬರೆದ ತಂಡದ್ದು ಆ ದಿನದ ಮನೆ. ‘ಇಂಟರ್–ಮಿಲಾನ್’ ಎಂದಿದ್ದರೆ ಟಿಕೆಟ್ ಮಾರುವುದು ಇಂಟರ್, ಬಹುಪಾಲು ಸೀಟುಗಳಲ್ಲಿ ಕೂರುವುದು ಇಂಟರ್‌ನ ಇಡೀ ಋತುವಿನ ಟಿಕೆಟ್‌ದಾರರು. ‘ಮಿಲಾನ್–ಇಂಟರ್’ ಆದರೆ ಇದೆಲ್ಲ ಅದಲುಬದಲು. ಎದುರಾಳಿ ತಂಡದ ಕಟ್ಟಾ ಅಭಿಮಾನಿಗಳಿಗೆ ಅವರದೇ ಗೋಲ್ ಹಿಂಬದಿಯ ಸ್ಟ್ಯಾಂಡ್ ಮಾತ್ರ ಉಳಿಯುತ್ತದೆ. ನೀವು ಮಿಲಾನ್ ಅಭಿಮಾನಿಯಾಗಿದ್ದರೆ ಮಿಲಾನ್ ಮನೆಯ ಪಂದ್ಯವನ್ನೇ ಆರಿಸಿಕೊಳ್ಳಿ. ಇಂಟರ್ ಅಭಿಮಾನಿಗಳಿಗೂ ಇದೇ ಮಾತು. ಯಾರ ಪರವೂ ಅಲ್ಲದಿದ್ದರೆ ಯಾವುದಾದರೂ ಆದೀತು.

ಟಿಕೆಟ್: ಹೆಸರೇ ಟಿಕೆಟ್

ಇಟಲಿಯಲ್ಲಿ 2005ರ ನಿಯಮಗಳಾದ ಮೇಲೆ ದೊಡ್ಡ ಕ್ರೀಡಾಂಗಣಗಳ ಟಿಕೆಟ್ ಮೇಲೆ ಪ್ರೇಕ್ಷಕನ ಹೆಸರು ಇರಲೇಬೇಕು. ಗೇಟಿನಲ್ಲಿ ಆ ಹೆಸರನ್ನು ಗುರುತಿನ ಚೀಟಿಯೊಂದಿಗೆ ಹೋಲಿಸಿ ನೋಡುತ್ತಾರೆ. ಇನ್ನೊಬ್ಬರ ಹೆಸರಿನ ಟಿಕೆಟ್ ಎಷ್ಟೇ ಅಸಲಿ ಆಗಿರಲಿ, ನಿಮ್ಮ ಕೈಯಲ್ಲಿ ಅದು ಬರೀ ಕಾಗದ.

ಮಾರಾಟ ಹಂತಹಂತವಾಗಿ ನಡೆಯುತ್ತದೆ. ಮೊದಲು ಇಡೀ ಋತುವಿನ ಟಿಕೆಟ್‌ದಾರರಿಗೆ, ಆಮೇಲೆ ಕ್ಲಬ್ಬಿನ ಕಾರ್ಡ್ ಇರುವವರಿಗೆ, ಉಳಿದರೆ ಎಲ್ಲರಿಗೂ. ಇಂಟರ್‌ನ ಕಾರ್ಡಿನ ಹೆಸರು ‘ಸಿಯಾಮೊ ನೋಯ್’, ಮಿಲಾನ್‌ನದು ‘ಕ್ವೋರೆ ರೊಸ್ಸೊನೇರೊ’. ಡರ್ಬಿಯಲ್ಲಿ ಎಲ್ಲರಿಗೂ ತೆರೆಯುವ ಹಂತಕ್ಕೆ ಉಳಿಯುವುದು ಚೂರುಪಾರು. ಹಾಗಾಗಿ ಕ್ರಮ ಹೀಗಿರಲಿ:

1. ಪ್ರವಾಸ ನಿಶ್ಚಯವಾದ ದಿನವೇ ಕ್ಲಬ್ಬಿನ ಅಧಿಕೃತ ಜಾಲತಾಣದಲ್ಲಿ ಖಾತೆ ತೆರೆಯಿರಿ. ಮಾರಾಟ ಶುರುವಾದ ಗಳಿಗೆಯಲ್ಲಿ ಖಾತೆ ತೆರೆಯುತ್ತ ಕೂತರೆ ಸರತಿಯಲ್ಲಿ ಹಿಂದೆ ಬೀಳುತ್ತೀರಿ.
2. ಆ ಋತುವಿನಲ್ಲಿ ಕಾರ್ಡ್‌ದಾರರಿಗೆ ಆದ್ಯತೆ ಯಾವ ಹಂತದಿಂದ ಎಂದು ನೋಡಿ, ಬೇಕೆನಿಸಿದರೆ ಕಾರ್ಡ್ ಮಾಡಿಸಿ. ಒಂದೇ ಪಂದ್ಯಕ್ಕೆ ಇದು ದುಂದು ಅನಿಸಬಹುದು, ಡರ್ಬಿಗೆ ಅಲ್ಲ.
3. ಆಯಾ ಪಂದ್ಯದ ಮಾರಾಟದ ಷರತ್ತು ಓದಿ. ಭದ್ರತಾ ಕಾರಣಕ್ಕೆ ಕೆಲವು ವಿಭಾಗಗಳನ್ನು ಇಂಥ ಪ್ರಾಂತ್ಯದ ನಿವಾಸಿಗಳಿಗೆ ಮಾತ್ರ ಎಂದು ಅಧಿಕಾರಿಗಳು ಸೀಮಿತಗೊಳಿಸುವುದುಂಟು.
4. ಸಿಗದಿದ್ದರೆ ಕ್ಲಬ್ಬಿನದೇ ಮರುಮಾರಾಟ ಪುಟವನ್ನು ಪಂದ್ಯದ ಹಿಂದಿನ ದಿನಗಳಲ್ಲಿ ಮತ್ತೆಮತ್ತೆ ನೋಡುತ್ತಿರಿ. ಬರಲಾಗದ ಋತು ಟಿಕೆಟ್‌ದಾರರು ಕೊನೆಗಳಿಗೆಯಲ್ಲಿ ಸೀಟು ಬಿಟ್ಟುಕೊಡುತ್ತಾರೆ. ಅಲ್ಲಿ ಕೊಂಡರೆ ಟಿಕೆಟ್ ನಿಮ್ಮ ಹೆಸರಿಗೇ ಬರುತ್ತದೆ.
5. ಖರ್ಚಿಗೆ ಹಿಂಜರಿಯದವರಿಗೆ ಕ್ಲಬ್ಬೇ ಮಾರುವ ಊಟ-ಲೌಂಜ್ ಸೇರಿದ ಪ್ಯಾಕೇಜುಗಳಿವೆ. ದುಬಾರಿ, ಆದರೆ ಮೋಸವಿಲ್ಲ.

ಹೊರಗಿನ ಜಾಲತಾಣಗಳಲ್ಲಿ ಕೊಳ್ಳಲೇಬೇಕಾಗಿ ಬಂದರೆ ಒಂದೇ ಪ್ರಶ್ನೆ ಕೇಳಿ: ಟಿಕೆಟ್ ಮೇಲೆ ನನ್ನ ಹೆಸರು ಬರುತ್ತದೆಯೇ? ಉತ್ತರ ‘ಹೌದು’ ಎಂದು ಸ್ಪಷ್ಟವಾಗಿ ಬರದಿದ್ದರೆ ಬಿಟ್ಟುಬಿಡಿ. ಹೆಸರು ಬದಲಾಯಿಸುವ ಸೌಲಭ್ಯ ಕ್ಲಬ್ಬುಗಳಲ್ಲಿ ಇದ್ದರೂ ಎಲ್ಲ ಬಗೆಯ ಟಿಕೆಟ್‌ಗೂ, ಎಲ್ಲ ಪಂದ್ಯಕ್ಕೂ ಅದು ಅನ್ವಯಿಸುವುದಿಲ್ಲ. ಕ್ರೀಡಾಂಗಣದ ಸುತ್ತ ಕೈಯಲ್ಲಿ ಟಿಕೆಟ್ ಹಿಡಿದು ಪಿಸುಗುಟ್ಟುವವರ ಹತ್ತಿರವಂತೂ ಸುಳಿಯಬೇಡಿ. 2024ರ ಸೆಪ್ಟೆಂಬರ್ ಕೊನೆಗೆ ಮಿಲಾನ್ ಪೊಲೀಸರು ಎರಡೂ ತಂಡಗಳ ಕಟ್ಟಾ ಅಭಿಮಾನಿ ಗುಂಪುಗಳ ಮುಂದಾಳುಗಳನ್ನು ಬಂಧಿಸಿದರು. ಆ ತನಿಖೆಯಲ್ಲಿ ಕಾಳಸಂತೆ ಟಿಕೆಟ್ ಕೂಡ ಒಂದು ಮುಖ್ಯ ವಿಷಯವಾಗಿತ್ತು.

ನಮ್ಮ ಕಡೆಯವರು ಎಡವುವ ಜಾಗ ಇನ್ನೊಂದಿದೆ, ಅದು ಇನಿಷಿಯಲ್. ಅರ್ಜಿಯಲ್ಲಿ ‘ನೋಮೆ’ ಎಂದರೆ ಕೊಟ್ಟ ಹೆಸರು, ‘ಕೊನ್ಯೋಮೆ’ ಎಂದರೆ ಮನೆತನದ ಹೆಸರು. ಪಾಸ್‌ಪೋರ್ಟಿನಲ್ಲಿ ಯಾವ ಅಂಕಣದಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಅಕ್ಷರಶಃ ಬರೆಯಿರಿ. ಊರ ಹೆಸರು, ಅಪ್ಪನ ಹೆಸರನ್ನು ಒಂದಕ್ಷರಕ್ಕೆ ಇಳಿಸಬೇಡಿ, ಕರೆಯುವ ಹೆಸರು ಹಾಕಬೇಡಿ. ಮನೆತನದ ಅಂಕಣ ಖಾಲಿ ಇರುವ ಪಾಸ್‌ಪೋರ್ಟ್ ಆದರೆ ಕೊಟ್ಟ ಹೆಸರಿನ ಕೊನೆಯ ಪದವನ್ನು ಆ ಅಂಕಣಕ್ಕೆ ಹಾಕಿ. ಎರಡೂ ಅಂಕಣ ಸೇರಿಸಿ ಓದಿದಾಗ ಪಾಸ್‌ಪೋರ್ಟಿನ ಹೆಸರೇ ಬರಬೇಕು. ಹುಟ್ಟಿದ ದಿನಾಂಕದಲ್ಲಿ ದಿನ ಮೊದಲು, ತಿಂಗಳು ಆಮೇಲೆ.

ಎಲ್ಲಿ ಕೂರುವುದು

ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಸ್ಯಾನ್ ಸಿರೊ ಒಂದೇ ಬಾರಿಗೆ ಕಟ್ಟಿದ್ದಲ್ಲ. 1926ರ ಮೂಲ ಸ್ಟ್ಯಾಂಡಿನ ಮೇಲೆ 1955ರಲ್ಲಿ ಇನ್ನೊಂದು ಸುತ್ತು, 1990ರ ವಿಶ್ವಕಪ್‌ಗೆಂದು ಅದರ ಮೇಲೆ ಮತ್ತೊಂದು. ಈ ಸುತ್ತುಗಳಿಗೆ ‘ಅನೆಲ್ಲೊ’ ಎನ್ನುತ್ತಾರೆ: ಪ್ರೀಮೊ, ಸೆಕೊಂದೊ, ತೆರ್ಸೊ, ಅಂದರೆ ಒಂದು, ಎರಡು, ಮೂರು. ದಿಕ್ಕುಗಳಿಗೆ ಬಣ್ಣಗಳು: ಪಶ್ಚಿಮ ‘ರೊಸ್ಸೊ’ (ಕೆಂಪು), ಪೂರ್ವ ‘ಅರಾಂಚೊ’ (ಕಿತ್ತಳೆ), ಉತ್ತರ ‘ವೆರ್ದೆ’ (ಹಸಿರು), ದಕ್ಷಿಣ ‘ಬ್ಲೂ’ (ನೀಲಿ). ಟಿಕೆಟ್ ಮೇಲೆ ‘ಸೆಕೊಂದೊ ಅನೆಲ್ಲೊ ಅರಾಂಚೊ’ ಎಂದಿದ್ದರೆ ಪೂರ್ವದ ಎರಡನೇ ಸುತ್ತು ಎಂದರ್ಥ.

ನೆನಪಿಡಬೇಕಾದ ತಮಾಷೆಯ ತೊಡಕೊಂದಿದೆ. ನೀಲಿ-ಕಪ್ಪು ಅಂಗಿಯ ಇಂಟರ್‌ನ ಕಟ್ಟಾ ಅಭಿಮಾನಿಗಳು ಇರುವುದು ಹಸಿರು ವಿಭಾಗದಲ್ಲಿ, ‘ಕುರ್ವಾ ನೊರ್ದ್’ (ಗೋಲ್ ಹಿಂದಿನ ಉತ್ತರ ಸ್ಟ್ಯಾಂಡ್). ಕೆಂಪು-ಕಪ್ಪಿನ ಮಿಲಾನ್‌ನವರು ಇರುವುದು ನೀಲಿ ವಿಭಾಗದಲ್ಲಿ, ‘ಕುರ್ವಾ ಸೂದ್’ (ಗೋಲ್ ಹಿಂದಿನ ದಕ್ಷಿಣ ಸ್ಟ್ಯಾಂಡ್). ನೀಲಿ ಎಂದರೆ ಇಂಟರ್ ಎಂದುಕೊಂಡು ನೀಲಿ ವಿಭಾಗದ ಟಿಕೆಟ್ ಕೊಂಡವರು ಎದುರಾಳಿಗಳ ನಡುವೆ ಹೋಗಿ ಬೀಳುತ್ತಾರೆ.

ಎರಡೂ ಕುರ್ವಾಗಳ ಹೃದಯ ಎರಡನೇ ಸುತ್ತಿನಲ್ಲಿದೆ. ಮೊದಲ ಬಾರಿ ಬರುವ ಹೊರಗಿನವರು ಅಲ್ಲಿಗೆ ಹೋಗಬಾರದು. ಅಲ್ಲಿ ಸೀಟಿನ ಸಂಖ್ಯೆಗೆ ಬೆಲೆ ಇಲ್ಲ, ತೊಂಬತ್ತು ನಿಮಿಷವೂ ನಿಂತೇ ಇರಬೇಕು, ಹಾಡಬೇಕು, ಬಾವುಟಗಳ ಸಂದಿಯಲ್ಲಿ ಆಟ ತುಣುಕು ತುಣುಕಾಗಿ ಕಾಣುತ್ತದೆ. ಫೋನ್ ಎತ್ತಿ ಚಿತ್ರೀಕರಿಸಿದರೆ ಪಕ್ಕದವನ ಕೈ ಅದರ ಮೇಲೆ ಬೀಳುತ್ತದೆ, ಏಕೆಂದರೆ ಅಲ್ಲಿನವರಿಗೆ ತಮ್ಮ ಮುಖ ದಾಖಲಾಗುವುದು ಬೇಡ. ಗೋಲ್ ಹಿಂದಿನ ಮೊದಲ ಸುತ್ತೂ ಬೇಡ. ಮೇಲಿನ ಕುರ್ವಾದಿಂದ ನೀರು, ಬಿಯರ್, ಹೊಗೆ ಎಲ್ಲ ಅಲ್ಲಿಗಿಳಿಯುತ್ತವೆ. 2005ರ ಏಪ್ರಿಲ್ 12ರ ಚಾಂಪಿಯನ್ಸ್ ಲೀಗ್ ಡರ್ಬಿಯಲ್ಲಿ ಇಂಟರ್ ಕಡೆಯಿಂದ ಎಸೆದ ಉರಿಯುವ ಫ್ಲೇರ್ (ಪಂಜಿನಂಥ ಪಟಾಕಿ) ಒಂದು ಮಿಲಾನ್ ಗೋಲ್‌ಕೀಪರ್ ದಿದಾ ಭುಜಕ್ಕೆ ಬಡಿದು ಪಂದ್ಯವೇ ನಿಂತುಹೋಯಿತು. ಮಿಲಾನ್ 3-0 ಗೆದ್ದಂತೆ ಘೋಷಿಸಲಾಯಿತು.

ಅತ್ಯುತ್ತಮ ಜಾಗ ಯಾವುದು ಎಂದರೆ ಎರಡನೇ ಸುತ್ತಿನ ಅರಾಂಚೊ. ಅಲ್ಲಿ ಕೂತರೆ ಬಲಗಡೆ ಇಂಟರ್ ಕುರ್ವಾ, ಎಡಗಡೆ ಮಿಲಾನ್ ಕುರ್ವಾ, ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಈ ಪಂದ್ಯದ ಅರ್ಧ ಸೊಗಸು ಆ ಎರಡು ಗೋಡೆಗಳ ನಡುವಿನ ಸವಾಲ್-ಜವಾಬಿನಲ್ಲಿದೆ. ಎದುರಿನ ರೊಸ್ಸೊ ಕೂಡ ಚೆನ್ನ, ಬೆಲೆ ಹೆಚ್ಚು. ಕೈ ಬಿಗಿ ಇದ್ದರೆ ಮೂರನೇ ಸುತ್ತಿನ ರೊಸ್ಸೊ: ತುಂಬಾ ಎತ್ತರ, ಕಡಿದಾದ ಇಳಿಜಾರು, ಆಟಗಾರರ ಮುಖ ಕಾಣದು, ಆದರೆ ತಂಡಗಳ ವ್ಯೂಹ ನಕ್ಷೆಯಂತೆ ಕಾಣುತ್ತದೆ. ತಲೆಸುತ್ತು, ಮಂಡಿನೋವು ಇರುವವರಿಗೆ ಅದು ಹೇಳಿದ್ದಲ್ಲ. ಅರಾಂಚೊದಲ್ಲಿ ಮೂರನೇ ಸುತ್ತು ಇಲ್ಲ, ಅದನ್ನು ಮೂರು ಕಡೆ ಮಾತ್ರ ಕಟ್ಟಿದ್ದಾರೆ. ಮೊದಲ ಸುತ್ತಿನ ಮುಂದಿನ ಸಾಲುಗಳಲ್ಲಿ ಆಟಗಾರರು ಹತ್ತಿರ, ಆದರೆ ದೃಷ್ಟಿ ನೆಲಮಟ್ಟಕ್ಕಿರುವುದರಿಂದ ಆಚೆ ಬದಿಯ ಆಟ ತಿಳಿಯುವುದಿಲ್ಲ, ಗಾಳಿಮಳೆ ಬಂದರೆ ನೆನೆಯುತ್ತೀರಿ. ಇಪ್ಪತ್ತನೇ ಸಾಲಿನಿಂದ ಮೇಲೆ ಹಿಡಿಯಿರಿ.

ಬಟ್ಟೆ, ಚೀಲ, ಹೊಟ್ಟೆ

ಬದಿಯ ಸ್ಟ್ಯಾಂಡುಗಳಲ್ಲಿ ಎರಡು ಬಣ್ಣವೂ ಕಾಣುತ್ತವೆ, ಆದರೂ ಹೊರಗಿನವರಿಗೆ ಬೂದು, ಕಂದು, ಕಡುಹಸಿರು ಒಳ್ಳೆಯದು. ಕಪ್ಪು-ಬಿಳಿ ಪಟ್ಟೆ ಬೇಡ. ಅದು ಎದುರಾಳಿ ಕ್ಲಬ್ಬಾದ ಯುವೆಂಟಸ್‌ನ ಬಣ್ಣ, ಮಿಲಾನಿನ ಎರಡೂ ಪಾಳಯಗಳು ಒಮ್ಮತದಿಂದ ದ್ವೇಷಿಸುವುದು ಅದನ್ನೊಂದೇ. ಎರಡೂ ತಂಡಗಳ ಹೆಸರನ್ನು ಅರ್ಧರ್ಧ ಹೊಲಿದ ಶಾಲು ದಾರಿಯಲ್ಲಿ ಮಾರಾಟಕ್ಕಿರುತ್ತದೆ. ನೆನಪಿಗೆ ಬೇಕಾದರೆ ಕೊಂಡು ಚೀಲದಲ್ಲಿಡಿ, ಕೊರಳಿಗೆ ಹಾಕಿಕೊಳ್ಳಬೇಡಿ. ಅಲ್ಲಿನವರ ಕಣ್ಣಿಗೆ ಅದು ನಿಷ್ಠೆ ಇಲ್ಲದವನ ಗುರುತು. ನವೆಂಬರ್‌ನಿಂದ ಮಾರ್ಚ್‌ವರೆಗೆ ರಾತ್ರಿಯ ಚಳಿ ಕಾಂಕ್ರೀಟಿನಿಂದ ಕಾಲಿಗೆ ಏರುತ್ತದೆ. ದಪ್ಪ ಅಡಿಯ ಶೂ, ಉಣ್ಣೆ ಕಾಲುಚೀಲ, ಟೋಪಿ ಬೇಕೇ ಬೇಕು.

ಚೀಲ ಪುಟ್ಟದಿರಲಿ, ಇಲ್ಲದಿದ್ದರೆ ಇನ್ನೂ ಲೇಸು. ಗಾಜಿನ ಬಾಟಲಿ, ಕ್ಯಾನ್, ಹೆಲ್ಮೆಟ್, ಮೊನಚು ತುದಿಯ ಉದ್ದ ಕೊಡೆ, ದೊಡ್ಡ ಲೆನ್ಸಿನ ಕ್ಯಾಮೆರಾ ಒಳಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಕಿತ್ತುಕೊಳ್ಳುತ್ತಾರೆ, ಏಕೆಂದರೆ ಮುಚ್ಚಿದ ತುಂಬಿದ ಬಾಟಲಿ ಎಸೆದರೆ ಕಲ್ಲಿನಂತೆ ಬೀಳುತ್ತದೆ. ಮಳೆಗೆ ಕೊಡೆಗಿಂತ ಮಡಿಸುವ ರೇನ್‌ಕೋಟ್ ವಾಸಿ.

ಕ್ರೀಡಾಂಗಣದ ಸುತ್ತಲಿನ ಗಾಡಿಗಳಲ್ಲಿ ಸಿಗುವ ಮುಖ್ಯ ತಿನಿಸು ಸಲಮೆಲ್ಲಾ, ಬ್ರೆಡ್ಡಿನ ನಡುವೆ ಸುಟ್ಟ ಹಂದಿಮಾಂಸದ ಸಾಸೇಜ್. ಸಸ್ಯಾಹಾರಿಗಳು ಊರೊಳಗೇ ಹೊಟ್ಟೆ ತುಂಬಿಸಿಕೊಂಡು ಹೊರಡಬೇಕು. ಒಳಗೆ ಪುಟ್ಟ ಪ್ಲಾಸ್ಟಿಕ್ ಶೀಶೆಯಲ್ಲಿ ಮಾರುವ ಬೊರ್ಗೆತ್ತಿಯನ್ನು ಬರೀ ಕಾಫಿ ಎಂದು ಭಾವಿಸಬೇಡಿ, ಅದು ಕಾಫಿಯ ಮದ್ಯ.

ಹೋಗುವ ದಾರಿ

ದುಓಮೊದಿಂದ ಕೆಂಪು ಎಂ1 ಮೆಟ್ರೊ ಹಿಡಿದು ಲೊತ್ತೊ ನಿಲ್ದಾಣಕ್ಕೆ ಹೋಗಿ. ಎಚ್ಚರ: ಪಗಾನೊ ನಿಲ್ದಾಣದ ಬಳಿಕ ಎಂ1 ಎರಡು ಕವಲಾಗುತ್ತದೆ. ನಿಮಗೆ ಬೇಕಾದ್ದು ‘ರೊ ಫಿಯೆರಾ’ ಕಡೆಯ ರೈಲು. ‘ಬಿಶೆಲ್ಯೆ’ ರೈಲು ಹತ್ತಿದರೆ ಬೇರೆ ದಿಕ್ಕಿಗೆ ಹೋಗುತ್ತೀರಿ. ಲೊತ್ತೊದಲ್ಲಿ ನೇರಳೆ ಬಣ್ಣದ ಎಂ5 ಹತ್ತಿ ಕೊನೆಯ ನಿಲ್ದಾಣ ‘ಸ್ಯಾನ್ ಸಿರೊ ಸ್ತಾದಿಯೊ’, ಇಲ್ಲವೇ ಲೊತ್ತೊದಿಂದಲೇ ಕಾಲು ಗಂಟೆಗಿಂತ ತುಸು ಹೆಚ್ಚು ನಡೆಯಿರಿ. ಸೆಂಟ್ರಲ್ ರೈಲು ನಿಲ್ದಾಣದ ಕಡೆಯಿಂದ ಬರುವವರು ಹಸಿರು ಎಂ2ರಲ್ಲಿ ಗರಿಬಾಲ್ದಿಗೆ ಬಂದು, ಅಲ್ಲಿಂದ ಎಂ5. ಊರ ನಡುವಿನಿಂದ 16ನೇ ಟ್ರಾಮ್ ಕೂಡ ಕ್ರೀಡಾಂಗಣದವರೆಗೆ ಬರುತ್ತದೆ, ನಿಧಾನ. 2023ರಿಂದ ಊರೊಳಗಿನ ಒಂದು ಟಿಕೆಟ್‌ಗೆ 2.20 ಯೂರೊ, ಅವಧಿ 90 ನಿಮಿಷ. ಸಂಪರ್ಕರಹಿತ ಬ್ಯಾಂಕ್ ಕಾರ್ಡನ್ನೇ ಮೆಟ್ರೊ ಗೇಟಿಗೆ ತಾಗಿಸಬಹುದು, ಇಳಿಯುವಾಗಲೂ ಅದೇ ಕಾರ್ಡ್ ತಾಗಿಸಬೇಕು.

8:45ರ ಪಂದ್ಯಕ್ಕೆ ಆರೂವರೆಗೆಲ್ಲ ಕ್ರೀಡಾಂಗಣದ ಬಳಿ ಇರಿ. ಘರ್ಷಣೆಗಳಾದರೆ ಅವು ಕ್ರೀಡಾಂಗಣದೊಳಗಿಗಿಂತ ಸುತ್ತಲ ಬೀದಿಗಳಲ್ಲಿ ಆಗುತ್ತವೆ. 2018ರ ಡಿಸೆಂಬರ್ 26ರಂದು ಇಂಟರ್–ನಾಪೊಲಿ ಪಂದ್ಯಕ್ಕೆ ಮುನ್ನ ಹತ್ತಿರದ ನೊವಾರಾ ರಸ್ತೆಯಲ್ಲಿ ಅಭಿಮಾನಿ ಗುಂಪುಗಳು ಹೊಡೆದಾಡಿ ಒಬ್ಬರು ಸತ್ತರು. ಗುಂಪಾಗಿ ಹಾಡುತ್ತ, ಮುಖ ಮುಚ್ಚಿಕೊಂಡು ಬರುವವರು ಎದುರಾದರೆ ರಸ್ತೆ ದಾಟಿ ಕುಟುಂಬಗಳು ನಡೆಯುತ್ತಿರುವ ಕಡೆ ಸೇರಿಕೊಳ್ಳಿ. ತುರ್ತು ಸಂಖ್ಯೆ 112.

ಗೇಟಿನಲ್ಲಿ

ಟಿಕೆಟ್ ಮೇಲೆ ಓದಬೇಕಾದ ಪದಗಳು ನಾಲ್ಕು: ‘ಇಂಗ್ರೆಸ್ಸೊ’ ದ್ವಾರದ ಸಂಖ್ಯೆ, ‘ಸೆತ್ತೋರೆ’ ವಿಭಾಗ, ‘ಫೀಲಾ’ ಸಾಲು, ‘ಪೊಸ್ತೊ’ ಸೀಟು. ತಪ್ಪು ದ್ವಾರಕ್ಕೆ ಹೋದರೆ ಒಳಗಿನಿಂದ ಸರಿಪಡಿಸಿಕೊಳ್ಳಲು ಆಗುವುದಿಲ್ಲ, ಇಡೀ ಕಟ್ಟಡವನ್ನು ಹೊರಗಿನಿಂದ ಜನಸಂದಣಿಗೆ ಎದುರಾಗಿ ಸುತ್ತಬೇಕು. ಅದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಹೊರ ಬೇಲಿಯಲ್ಲಿ ಟಿಕೆಟ್ ಮತ್ತು ಪಾಸ್‌ಪೋರ್ಟ್ ಹೋಲಿಕೆ, ಆಮೇಲೆ ಮೈ ತಡವಿ ತಪಾಸಣೆ, ಕೊನೆಗೆ ‘ತೊರ್ನೆಲ್ಲಿ’ ಎಂಬ ತಿರುಗು ಗೇಟಿನಲ್ಲಿ ಬಾರ್‌ಕೋಡ್. ಪಾಸ್‌ಪೋರ್ಟಿನ ಮೂಲ ಪ್ರತಿಯೇ ಇರಲಿ, ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ. ಅದನ್ನು ಪ್ಯಾಂಟಿನ ಹಿಂಜೇಬಿನಲ್ಲಿಡದೆ ಒಳಜೇಬಿನಲ್ಲಿಟ್ಟು ಜಿಪ್ ಹಾಕಿ. ಎಪ್ಪತ್ತು ಸಾವಿರ ಜನ ಸೇರಿದ ಕಡೆ ಫೋನಿನ ಸಂಪರ್ಕ ಕೈಕೊಡುವುದರಿಂದ ಟಿಕೆಟನ್ನು ಹೋಟೆಲಿನಲ್ಲೇ ಇಳಿಸಿಕೊಂಡು, ಕಾಗದದ ಮೇಲೂ ಮುದ್ರಿಸಿಕೊಳ್ಳಿ.

ಒಳಗೆ

ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಸೀಟಿನಲ್ಲಿರಿ. ಆಟಗಾರರು ಹೊರಬರುವಾಗ ಎರಡೂ ಕುರ್ವಾಗಳು ‘ಕೊರೆಯೊಗ್ರಫಿಯಾ’ ಬಿಚ್ಚುತ್ತವೆ: ಸಾವಿರಾರು ಕೈಗಳು ಒಟ್ಟಿಗೆ ಎತ್ತಿದ ಬಣ್ಣದ ಹಾಳೆಗಳು, ಇಡೀ ಸ್ಟ್ಯಾಂಡನ್ನು ಮುಚ್ಚುವ ಬಟ್ಟೆಯ ಚಿತ್ರ, ಎದುರು ಪಾಳಯವನ್ನು ಚುಚ್ಚುವ ಒಂದು ಸಾಲು. ವಾರಗಟ್ಟಲೆ ಗುಟ್ಟಾಗಿ ತಯಾರಾದದ್ದು ಕೆಲವೇ ನಿಮಿಷ ಇರುತ್ತದೆ. ಸಾಲಿನಲ್ಲಿ ನಿಂತು ಬಿಯರ್ ಕೊಳ್ಳುತ್ತ ಇದನ್ನು ತಪ್ಪಿಸಿಕೊಂಡವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ನಿಮ್ಮ ಸೀಟಿನ ಮೇಲೂ ಬಣ್ಣದ ಹಾಳೆ ಇಟ್ಟಿದ್ದರೆ ಸುತ್ತಲಿನವರು ಎತ್ತಿದಾಗ ಎತ್ತಿ. ಎತ್ತದಿದ್ದರೆ ಚಿತ್ರದಲ್ಲಿ ತೂತು ಕಾಣುತ್ತದೆ.

ಹಳೆಯ ಬೈಗುಳಗಳನ್ನು ತಿಳಿದಿದ್ದರೆ ಕೆಣಕು ಅರ್ಥವಾಗುತ್ತದೆ. ಮಿಲಾನ್‌ನವರು ‘ಕಶಾವಿತ್’, ಅಂದರೆ ಸ್ಕ್ರೂಡ್ರೈವರ್, ಕಾರ್ಖಾನೆ ಕೆಲಸಗಾರರು. ಇಂಟರ್‌ನವರು ‘ಬೌಶಾ’, ಬಡಾಯಿ ಕೊಚ್ಚುವ ಸಿರಿವಂತರು. ಈಗ ಆ ವರ್ಗಭೇದ ಉಳಿದಿಲ್ಲ, ಹೆಸರುಗಳನ್ನು ಇಬ್ಬರೂ ಹೆಮ್ಮೆಯಿಂದಲೇ ಹೊತ್ತಿದ್ದಾರೆ. ಕೆಲವು ಅಂಕಿಗಳು ಹಾಡಿನಲ್ಲಿ, ಬಾವುಟದಲ್ಲಿ ಮತ್ತೆಮತ್ತೆ ಬರುತ್ತವೆ. 2001ರ ಮೇ 11ರಂದು ಮಿಲಾನ್ 6-0 ಗೆದ್ದದ್ದು ಒಂದು ಕಡೆಯ ಗರ್ವ. 2024ರ ಏಪ್ರಿಲ್ 22ರಂದು ಇಂಟರ್ ಡರ್ಬಿಯನ್ನೇ 2-1 ಗೆದ್ದು ತನ್ನ ಇಪ್ಪತ್ತನೇ ಲೀಗ್ ಪ್ರಶಸ್ತಿ ಎತ್ತಿದ್ದು ಇನ್ನೊಂದು ಕಡೆಯದು.

ಗೋಲ್ ಬಿದ್ದಾಗ ಎರಡು ಉಸಿರು ತಡೆದು ಸುತ್ತ ನೋಡಿ, ನಿಮ್ಮ ಸಾಲು ಕುಣಿಯುತ್ತಿದೆಯೋ ಕೂತಿದೆಯೋ. ಆಮೇಲೆ ಏಳುವುದೋ ಬೇಡವೋ ನಿರ್ಧರಿಸಿ. ಪಕ್ಕದವರೊಂದಿಗೆ ಮಾತಿಗಿಳಿದರೆ ‘ನಾನು ದೂರದಿಂದ ಬಂದವನು, ಡರ್ಬಿ ನೋಡಲು’ ಎಂದರೆ ಸಾಕು, ಮಿಲಾನಿನವರು ತಮ್ಮ ಊರಿನ ಈ ಪಂದ್ಯವನ್ನು ತೋರಿಸಲು ಇಷ್ಟಪಡುತ್ತಾರೆ.

ಒಂದು ವಿಷಯವನ್ನು ಮುಚ್ಚಿಡಬಾರದು. ಇಟಲಿಯ ಸ್ಟ್ಯಾಂಡುಗಳಲ್ಲಿ ಜನಾಂಗ ನಿಂದನೆ ಇದೆ. 2018ರಲ್ಲಿ ಇದೇ ಮೈದಾನದಲ್ಲಿ ನಾಪೊಲಿಯ ಕಪ್ಪು ವರ್ಣದ ಆಟಗಾರ ಕುಲಿಬಾಲಿಯನ್ನು ನಿಂದಿಸಿದ್ದಕ್ಕೆ ಇಂಟರ್ ಎರಡು ಪಂದ್ಯಗಳನ್ನು ಪ್ರೇಕ್ಷಕರಿಲ್ಲದೆ ಆಡಬೇಕಾಯಿತು. ಕುರ್ವಾಗಳಿಂದ ದೂರ ಕೂರಿ ಎನ್ನುವುದಕ್ಕೆ ಇದೂ ಒಂದು ಕಾರಣ. ಯಾರಾದರೂ ನಿಮ್ಮ ಬಣ್ಣ ಹಿಡಿದು ಕೆಣಕಿದರೆ ಅಲ್ಲೇ ವಾದಕ್ಕಿಳಿಯದೆ ಹತ್ತಿರದ ಸ್ಟೀವರ್ಡ್‌ಗೆ ಸಾಲು, ಸೀಟು ತೋರಿಸಿ ದೂರು ಕೊಡಿ, ಬೇರೆ ಕಡೆ ಕೂರಿಸಲು ಕೇಳಿ.

ಹಿಂದಿರುಗುವಾಗ

8:45ರ ಪಂದ್ಯ 10:40ರ ಸುಮಾರಿಗೆ ಮುಗಿಯುತ್ತದೆ. ಮೆಟ್ರೊ ನಿಲ್ಲುವುದು ನಡುರಾತ್ರಿ ಕಳೆದು ಅರ್ಧ ಗಂಟೆಯ ಹೊತ್ತಿಗೆ. ಸಮಯವಿದೆ, ಆದರೆ ಎಲ್ಲರೂ ಎಂ5ರ ಬಾಗಿಲಿಗೇ ನುಗ್ಗುತ್ತಾರೆ. ಅದು ಪುಟ್ಟ ಬೋಗಿಗಳ ಚಾಲಕರಹಿತ ರೈಲು. ನಿಲ್ದಾಣದ ಹೊರಗೆ ತಡೆಗೋಡೆ ಕಟ್ಟಿ ಜನರನ್ನು ಕಂತುಕಂತಾಗಿ ಒಳಬಿಡುತ್ತಾರೆ. ಆ ಸರತಿಯಲ್ಲಿ ನಿಲ್ಲುವುದಕ್ಕಿಂತ ಜನರ ಹರಿವಿನ ಜೊತೆಗೇ ದೀಪವಿರುವ ದೊಡ್ಡ ರಸ್ತೆಯಲ್ಲಿ ಲೊತ್ತೊವರೆಗೆ ನಡೆಯಿರಿ. ಅಲ್ಲಿ ಎಂ1ರ ರೈಲು ದೊಡ್ಡದು, ಬೇಗ ಬೇಗ ಬರುತ್ತದೆ. ಟಿಕೆಟ್ ಯಂತ್ರದ ಮುಂದೆ ಸಾಲಿರುವುದರಿಂದ ಮರಳುವ ಟಿಕೆಟನ್ನು ಬರುವಾಗಲೇ ಕೊಂಡಿಟ್ಟುಕೊಳ್ಳಿ. ಟ್ಯಾಕ್ಸಿ ಬೇಕಿದ್ದರೂ ಲೊತ್ತೊದಾಚೆ ನಡೆದುಹೋಗಿ ಕರೆಯಿರಿ, ಕ್ರೀಡಾಂಗಣದ ಬಳಿಗೆ ಕರೆದರೆ ಅದು ಜನರ ನಡುವೆ ಸಿಕ್ಕಿಕೊಳ್ಳುತ್ತದೆ.

ಕೊನೆಯ ಸೀಟಿ ಊದಿದ ಕೂಡಲೇ ಏಳಬೇಡಿ. ಗೆದ್ದ ತಂಡ ತನ್ನ ಕುರ್ವಾದ ಕೆಳಗೆ ಓಡಿಹೋಗಿ ನಿಲ್ಲುತ್ತದೆ, ಎದುರಿನ ಕುರ್ವಾ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಇಪ್ಪತ್ತು ನಿಮಿಷ ಕೂತು ಅದನ್ನು ನೋಡಿ; ಅಷ್ಟರಲ್ಲಿ ಇಳಿಜಾರುಗಳ ನೂಕುನುಗ್ಗಲೂ ಕರಗಿರುತ್ತದೆ. ಹೋಗುವ ಆಸೆ ಇದ್ದವರು ಬಹಳ ಮುಂದೂಡಬೇಡಿ. 2025ರ ನವೆಂಬರ್‌ನಲ್ಲಿ ಮಿಲಾನ್ ನಗರಸಭೆ ಈ ಕ್ರೀಡಾಂಗಣವನ್ನು ಎರಡೂ ಕ್ಲಬ್ಬುಗಳಿಗೆ ಮಾರಿದೆ. ಪಕ್ಕದಲ್ಲೇ ಹೊಸದು ಕಟ್ಟಿ, ಹಳೆಯದರ ಬಹುಭಾಗ ಕೆಡವುವುದು ಅವರ ಯೋಜನೆ.